ಅಪ್ಪನನ್ನು ಕೊಂದ ಅರ್ಜಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಾರಾದರೂ ನಗುನಗುತ್ತ "ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ" ಅಂದರಂತೂ ಮೈಯೆಲ್ಲ ಉರಿಯುತ್ತದೆ. ಕಾರಣ ಇದೆ, ಕೇಳಿ.

ಎಂಬತ್ತರ ದಶಕದ ಶುರು. ತಮಿಳುನಾಡಿನ ಗಡಿಯ ಕೆಲಮಂಗಲದಲ್ಲಿ ಪ್ಲಸ್ ಟೂ ಮುಗಿಸಿದ್ದೆ. ಕೃಷ್ಣಗಿರಿಯಾಚೆಯ ಒಂದು ಹೆಣ್ಣುಮಕ್ಕಳ ಕಾಲೇಜಿನವರು ಅಪ್ಲಿಕೇಶನ್ ಜೊತೆಗೆ 'ನಿನ್ನ ಬಗ್ಗೆ ನೀನೇ ಒಂದು ಪುಟ ಬರೆ' ಎಂದು ಕೇಳಿದ್ದರು. ಸೀಟು ಸಿಗದಿದ್ದರೆ ಮತ್ತಿಗಿರಿಯ ಫ್ಯಾಕ್ಟರಿ ಹುಡುಗನ ಜೊತೆ ಮದುವೆ ಅಂತ ದೊಡ್ಡಪ್ಪ ಆಗಲೇ ತೀರ್ಮಾನ ಮಾಡಿದ್ದ. ಹುಡುಗ ಒಳ್ಳೆಯವನೇ ಇದ್ದಿರಬಹುದು. ನನಗೆ ಓದಬೇಕಿತ್ತು, ಅಷ್ಟೇ.

ಆದರೆ ನಮ್ಮ ಕಡೆ 'ನಾನು' ಅಂತ ಯಾರು ಮಾತು ಶುರುಮಾಡುತ್ತಾರೆ? "ಯಾರಮ್ಮಿ ನೀನು?" ಅಂದರೆ ಅಪ್ಪನ ಹೆಸರು, ತಾತನ ಹೆಸರು, ಹೊಲ ಯಾವ ದಿಕ್ಕಿಗಿದೆ, ಎಲ್ಲ ಒಪ್ಪಿಸುತ್ತೇವೆ. ಅಷ್ಟರಲ್ಲಿ ಕೇಳಿದವರು ಮುಂದೆ ಹೋಗಿರುತ್ತಾರೆ. ಆದರೂ ಹಾಳೆ ಹರಿದು ಹರಿದು ಬರೆದೆ, ಸ್ಕೂಲಲ್ಲಿ ಕಲಿತ ತಮಿಳಿನಲ್ಲಿ. ದೊಡ್ಡಪ್ಪ ಓದಿಸಿ ಕೇಳಿದ.

"ಏನಮ್ಮಿ ಇದು, ನಾನು ನಾನು ಅಂತ ಎದೆ ತಟ್ಕೊಂಡಿದ್ದೀಯ? ಕೇಳೋರು ಬಗ್ಗಿ ಕೇಳ್ಬೇಕು. ಕೊಡಿಲ್ಲಿ, ಸರಿ ಮಾಡಿಸ್ಕಂಬತ್ತೀನಿ."

ತಾಲೂಕು ಆಫೀಸಿನ ಮುಂದೆ ಹುಣಸೆ ಮರದಡಿ ಅರ್ಜಿ ಬರೆಯುವವನೊಬ್ಬ ಕೂರುತ್ತಿದ್ದ. ದೊಡ್ಡಪ್ಪ ಅವನ ಹತ್ತಿರ ಹೋದ. ಬರೆಸಿದ, ಅಪ್ಲಿಕೇಶನ್ನಿಗೆ ಸೇರಿಸಿದ, ಪೋಸ್ಟಿಗೆ ಹಾಕಿಯೇ ಮನೆಗೆ ಬಂದ. ಏನು ಬರೆಸಿದೆ ಅಂದರೆ "ನಿನ್ಗ್ಯಾಕೆ?" ಅಂದ. ನನ್ನ ಬಗ್ಗೆ ಬರೆದದ್ದು ನನಗ್ಯಾಕಂತೆ!

ಹಳೆಗಾಲದ ರಾಜರ ಶಾಸನಗಳಲ್ಲಿ ಅರ್ಧ ಕಲ್ಲು ಬಿರುದುಗಳೇ. ಅವರೂ ತಾವೇ ಬರೆದುಕೊಳ್ಳಲಿಲ್ಲ, ಕವಿಗೆ ಊಟ ಹಾಕಿ ಹೊಗಳಿಸಿಕೊಂಡರು. ನಾವು ಮರದಡಿಯವನಿಗೆ ಕಾಫಿ ಕುಡಿಸಿ ಗೋಳಾಡಿಸಿಕೊಳ್ಳುತ್ತೇವೆ. ರಾಜರಿಗೂ ನಮಗೂ ಇಷ್ಟೇ ವ್ಯತ್ಯಾಸ.

ಇಂಟರ್‌ವ್ಯೂಗೆ ಅಪ್ಪನೇ ಕರೆದುಕೊಂಡು ಹೋದ. ಹೊರಗೆ ಬೆಂಚಿನ ಮೇಲೆ ಕೂತ. ಒಳಗೆ ಪ್ರಿನ್ಸಿಪಾಲಮ್ಮ ನನ್ನ ಕಾಗದ ನೋಡಿ ಕನ್ನಡಕ ತೆಗೆದು, ತಮಿಳಿನಲ್ಲಿ ಮೆಲ್ಲಗೆ ಕೇಳಿದರು: "ಅಪ್ಪ ತೀರಿಕೊಂಡು ಎಷ್ಟು ದಿನ ಆಯ್ತಮ್ಮ?"

ಆಗ ಗೊತ್ತಾಯಿತು. ಮರದಡಿಯ ಆ ಮಹಾರಾಯನ ಪಡಿಯಚ್ಚು ಒಂದೇ. ಬಾವಿಗೆ ಕರೆಂಟು ಕೇಳಲಿ, ಕಾಲೇಜು ಸೀಟು ಕೇಳಲಿ, ಅರ್ಜಿ ಹಾಕಿದವರಿಗೆ ತಂದೆ ಇರುವಂತಿಲ್ಲ, ತಾಯಿ ಹಾಸಿಗೆ ಬಿಟ್ಟು ಏಳುವಂತಿಲ್ಲ. ಅವನ ಲೆಕ್ಕದಲ್ಲಿ ನಮ್ಮ ತಾಲೂಕಿನಲ್ಲಿ ಅಪ್ಪಂದಿರೇ ಉಳಿದಿರಲಿಲ್ಲ.

ಅಳಬೇಕಿತ್ತು, ಆದರೆ ಸಿಟ್ಟು ಬಂತು. "ಸತ್ತಿಲ್ಲ ಮೇಡಂ, ಹೊರಗೆ ಕೂತು ಚಿತ್ರಾನ್ನ ತಿಂತಿದ್ದಾರೆ" ಅಂದೆ. ಅವರು ಎದ್ದು ಬಾಗಿಲಲ್ಲಿ ಇಣುಕಿದರು. ಸತ್ತವನು ಬಾಯಿ ಒರೆಸಿಕೊಂಡು ಕೈ ಮುಗಿದ. ಅವರು ಬಂದು ಕೂತು, ಆ ಪುಟವನ್ನು ಕಸದ ಬುಟ್ಟಿಗೆ ಹಾಕಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. "ಈಗ ನೀನು ಹೇಳು" ಅಂದರು.

ಹೇಳಿದೆ. ಹೇಳಿದೆ ಏನು, ಕೂಗಾಡಿದೆ. ನಮ್ಮನೆಯಲ್ಲಿ ರೇಷ್ಮೆಹುಳ ಸಾಕುತ್ತೇವೆ, ಸೊಪ್ಪು ಹಾಕುವವಳು ನಾನು. ಹುಳಕ್ಕೆ ರೋಗ ಬರುವ ಮುಂಚೆ ಅದು ತಿನ್ನುವ ಸದ್ದು ಸಣ್ಣಗಾಗುತ್ತೆ, ಅದು ನನಗೆ ಕೇಳಿಸುತ್ತೆ. ಯಾಕೆ ಸಾಯುತ್ತವೆ ಅಂತ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ, ದೃಷ್ಟಿ ಅಂತಾರೆ. ನನಗೆ ಅದು ತಿಳೀಬೇಕು, ಅದಕ್ಕೇ ಪ್ರಾಣಿಶಾಸ್ತ್ರ ಬೇಕು. ಉಸಿರು ಕಟ್ಟಿ ನಿಲ್ಲಿಸಿದಾಗ ಅವರು ಸೀಟು ಕೊಟ್ಟರು.

ಊರಲ್ಲಿ ದೊಡ್ಡಪ್ಪ "ನೋಡ್ದಾ, ಅರ್ಜಿ ಕೆಲ್ಸ ಮಾಡ್ತು" ಅಂತ ಮೀಸೆ ತಿರುವಿದ. ಅದಕ್ಕೆ ನನಗೇನೂ ಅನ್ನಿಸಲಿಲ್ಲ. ನಿಜವಾದ ಸಿಟ್ಟು ಬಂದಿದ್ದು ಅದಕ್ಕೂ ಮುಂಚೆ, ವಾಪಸ್ ಬರುವ ಬಸ್ಸಿನಲ್ಲಿ. ಒಳಗೆ ಏನಂದೆ ಅಂತ ಅಪ್ಪ ಕೇಳಿದ, ಎಲ್ಲ ಹೇಳಿದೆ. ಕೇಳಿಸಿಕೊಂಡು, "ಹುಳ ಸಾಯೋದು ನಿನ್ಗೆ ಮುಂಚೇನೇ ಗೊತ್ತಾಯ್ತಿತ್ತೇನಮ್ಮಿ? ಒಂದು ದಿನಾನೂ ಯೋಳ್ಲಿಲ್ವಲ್ಲ" ಅಂದ.

"ನೀನು ಒಂದು ದಿನಾನಾದ್ರೂ ಕೇಳಿದ್ಯಾ?" ಅಂದೆ. ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

ಅಪ್ಪ ಮೆಲ್ಲಗೆ ನನ್ನ ಕಡೆ ಸರಿದು, "ಸರಿ, ಈಗ ಯೋಳು" ಅಂದ.