ಒಂದು ಚಿಲಕ ಉಳಿದಿತ್ತು

ನಾನು ಚಿಕ್ಕವಳಿದ್ದಾಗ ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ. ಅಜ್ಜಿಗೆ ಯಾಕಮ್ಮ ಇಷ್ಟು ಕೋಪ ಎಂದು ನೀವು ನಿಮ್ಮಮ್ಮನ ಹತ್ತಿರ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿದ್ದಿದೆ. ಹಾಗಾದರೆ ಕೇಳಿ. ನಿಮ್ಮ ಹಾಗೆ ನನ್ನ ಕೋಪಕ್ಕೂ ಒಂದು ಹುಟ್ಟಿದ ದಿನ ಇದೆ. ಅದಕ್ಕೆ ಯಾರೂ ಕೇಕು ಕತ್ತರಿಸುವುದಿಲ್ಲ, ಅಷ್ಟೇ.

ಆಗ ನಾವು ಗೋಣಿಬೀಡಿನಿಂದಾಚೆ ಒಂದು ಕಾಫಿ ಎಸ್ಟೇಟಿನಲ್ಲಿದ್ದೆವು. ಅಪ್ಪ ಅಲ್ಲಿ ರೈಟರ್. ಆಳುಗಳ ಹಾಜರಿ, ಕುಯ್ಲಿನ ಲೆಕ್ಕ, ಗೋದಾಮಿನ ಕೀಲಿಕೈ ಎಲ್ಲವೂ ಅವರ ಕೈಯಲ್ಲೇ. ನಮ್ಮ ಕ್ವಾರ್ಟರ್ಸಿಗೆ ಒತ್ತಿಕೊಂಡೇ ಗೋದಾಮು, ಅದರೆದುರು ಕಾಫಿ ಒಣಗಿಸುವ ಕಣ. ಕುಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಕೊಳೆತ ಹುಳಿ ವಾಸನೆ ನಮ್ಮ ಊಟದ ತಟ್ಟೆಯವರೆಗೂ ಬರುತ್ತಿತ್ತು. ಸಿಪ್ಪೆ ತೆಗೆದು ತೊಳೆದ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದು ಕಣದಲ್ಲಿ ಹರಡಿಕೊಂಡಿರುವಾಗ ಯಾರೂ ತುಳಿಯುವಂತಿರಲಿಲ್ಲ. ಒಮ್ಮೆ ಚೆಂಡು ಹೆಕ್ಕಲು ನಾನು ಅದರ ಮೇಲೆ ಓಡಿದ್ದಕ್ಕೆ ಅಪ್ಪ ಕೋಲು ಹಿಡಿದು ನನ್ನನ್ನು ಅಟ್ಟಿಸಿಕೊಂಡು ಬಂದಿದ್ದರು.

ಮನೆಯಲ್ಲಿದ್ದದ್ದು ಅಪ್ಪ, ಅಪ್ಪನ ತಾಯಿ, ನಾನು. ಅಪ್ಪನ ತಾಯಿಯನ್ನು ನಾನು ಅಜ್ಜಿ ಎನ್ನುತ್ತಿದ್ದೆ, ನೀವು ನನ್ನನ್ನು ಕರೆಯುವ ಹಾಗೆ. ಅಕ್ಕ ಮದುವೆಯಾಗಿ ಕಳಸದ ಕಡೆ ಹೋಗಿದ್ದಳು. ಅಮ್ಮ ಇರಲಿಲ್ಲ. ನನ್ನನ್ನು ಹೆತ್ತ ದಿನವೇ ಅಮ್ಮ ಹೋಗಿಬಿಟ್ಟಳು, ಅದೇ ಮನೆಯ ಹಿಂದಿನ ಕೋಣೆಯಲ್ಲಿ.

ಅದಕ್ಕೆ ಅಜ್ಜಿ ಕೊಡುತ್ತಿದ್ದ ಕಾರಣ ಕೇಳಿ. ಹೆರಿಗೆ ಕಷ್ಟವಾದರೆ ಮನೆಯ ಬೀಗಗಳನ್ನೆಲ್ಲ ತೆಗೆಯಬೇಕು, ಗಂಟುಗಳನ್ನೆಲ್ಲ ಬಿಚ್ಚಬೇಕು, ಬಿಗಿದದ್ದೆಲ್ಲ ಸಡಿಲವಾದರೆ ಹೆರಿಗೆಯೂ ಸಲೀಸಾಗುತ್ತದೆ ಎಂಬ ನಂಬಿಕೆ ಆಗ ಇತ್ತು. ಅಮ್ಮನಿಗೆ ನೋವು ಬಂದ ದಿನ ಅಪ್ಪ ಗೋದಾಮಿನ ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ತೋಟಕ್ಕೆ ಹೋಗಿಬಿಟ್ಟಿದ್ದರಂತೆ. ಆ ಒಂದು ಬೀಗ ಉಳಿಯಿತು, ಅದಕ್ಕೇ ಸೊಸೆ ಉಳಿಯಲಿಲ್ಲ ಎಂದು ಅಜ್ಜಿ ಬಂದವರೆದುರೆಲ್ಲ ಹೇಳುತ್ತಿದ್ದಳು. ಅಪ್ಪ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ಅವತ್ತಿನಿಂದ ಅವರು ಒಂದು ಕೀಲಿಕೈಯನ್ನೂ ಜೇಬಿಗೆ ಹಾಕಿಕೊಂಡವರಲ್ಲ. ಎಲ್ಲವನ್ನೂ ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು.

ಅಕ್ಕ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ಅಮ್ಮನಿಲ್ಲದ ನನಗೆ ಅವಳೇ ಅಮ್ಮ. ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದವಳು, ನನ್ನ ಹಟವನ್ನೆಲ್ಲ ನಗುತ್ತಲೇ ಸಹಿಸಿಕೊಂಡವಳು. ಅವಳಿಗೆ ನೋವು ಶುರುವಾದ ಬೆಳಿಗ್ಗೆ ಕೊರೆಯುವ ಚಳಿ, ಕಣದ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಅಜ್ಜಿ ಅವಳನ್ನು ಅದೇ ಹಿಂದಿನ ಕೋಣೆಗೆ ಕಳಿಸಿದಳು. ಕಿಟಕಿಗೆ ಗೋಣಿತಾಟು ಹೊಡೆದಿದ್ದ, ಹಳೆಯ ಗುದ್ದಲಿ ಬುಟ್ಟಿಗಳನ್ನು ಇಡುತ್ತಿದ್ದ ಕೋಣೆ ಅದು. ಮಾವಿನ ಉಪ್ಪಿನಕಾಯಿಗೇ ನಮ್ಮ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇತ್ತು.

ಅಕ್ಕ ಸುಮ್ಮನೆ ಮಲಗಲಾರದೆ ಎದ್ದು ಹೊರಗೆ ಬಂದಳು. ಅಜ್ಜಿ ಒಳಗೆ ಕಳಿಸಿದಳು. ಅವಳು ಮತ್ತೆ ಬಂದಳು. "ಗಾಳಿ ಸೋಕ್ತದೆ, ಹೇಳಿದ್ದು ಕೇಳದಿಲ್ಲಲ್ಲ ಮಾರಾಯ್ತಿ ನೀನು!" ಎಂದು ಗದರಿ ಅಜ್ಜಿ ಅವಳನ್ನು ಒಳಗೆ ನೂಕಿದಳು. ಅಷ್ಟರಲ್ಲಿ ನನ್ನನ್ನು ದನದ ಹಟ್ಟಿಗೆ ಅಟ್ಟಿದ್ದರಿಂದ ಮುಂದೇನಾಯಿತೋ ನಾನು ನೋಡಲಿಲ್ಲ. ಅಕ್ಕನ ದನಿ ಮಾತ್ರ ಕೇಳುತ್ತಿತ್ತು, ಎರಡೇ ಮಾತು. ಒಂದು, ನೀರು ಕೊಡಿ. ಇನ್ನೊಂದು, ಸೂಲಗಿತ್ತಿಯನ್ನು ಕರೆಯಿರಿ.

ನೀರು ಕೊಡಬಾರದು ಎಂದಳು ಅಜ್ಜಿ. ಸೂಲಗಿತ್ತಿ ಅಂದರೆ ಹೆರಿಗೆ ಮಾಡಿಸುವವರು. ಅವರು ಇದ್ದದ್ದು ಕೂಲಿಯವರ ಮನೆಗಳ ಸಾಲಿನಲ್ಲಿ, ಅದನ್ನು ಲೈನು ಎನ್ನುತ್ತಿದ್ದರು. ಕಣ ದಾಟಿದರೆ ಲೈನು, ಕೂಗಿದರೆ ಕೇಳುವಷ್ಟು ಹತ್ತಿರ. "ಲೈನಿನವಳು ಒಳಗೆ ಬಂದ್ರೆ ಆಮೇಲೆ ಮನೆಯೆಲ್ಲ ತೊಳೀಬೇಕು. ಕಡೀಗೆ ನೋಡನ" ಎಂದಳು ಅಜ್ಜಿ. ಕಡೆಗೆ ಎಂದರೆ ಯಾವಾಗ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ, ಇದ್ದವರು ಕೇಳಲಿಲ್ಲ.

ಮಂಜು ಕರಗಿ ಬಿಸಿಲು ಏರಿತು. ಹೆರಿಗೆಯಾಗಲಿಲ್ಲ. ಅಜ್ಜಿ ಬೀಗಗಳ ಕೆಲಸಕ್ಕೆ ಇಳಿದಳು.

"ಎಂತ ನೋಡ್ತಾ ನಿಂತಿದೀಯೇ? ಮೊದ್ಲು ಜಡೆ ಬಿಚ್ಚು!"

ಜಡೆ ಬಿಚ್ಚಿದೆ. ಲಂಗದ ಲಾಡಿ ಸಡಿಲಿಸಿ ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದೆ. ಟ್ರಂಕಿನ ಬೀಗ ತೆಗೆದೆ, ಬೀರುವಿನ ಬಾಗಿಲು ತೆಗೆದೆ, ಬೆಲ್ಲದ ಡಬ್ಬಿ, ಉಪ್ಪಿನ ಜಾಡಿ, ಅಪ್ಪನ ಇಂಕಿನ ಬಾಟಲಿ ಎಲ್ಲದರ ಮುಚ್ಚಳ ತೆಗೆದೆ. ಹಟ್ಟಿಯ ಕರುವಿನ ಹಗ್ಗ ಬಿಚ್ಚಿದೆ. ಕರು ಸೀದಾ ಹೋಗಿ ತರಕಾರಿ ಮಡಿಗೆ ಬಾಯಿ ಹಾಕಿತು. ಬೇರೆ ದಿನವಾಗಿದ್ದರೆ ಎಷ್ಟು ನಗುತ್ತಿದ್ದೆನೋ.

ಗೋದಾಮಿನ ಬೀಗವನ್ನು ಅಪ್ಪ ಬೆಳಗ್ಗೆಯೇ ತೆಗೆದಿದ್ದರು. ಆದರೆ ಒಳಗಿನ ಮೂಟೆಗಳ ಬಾಯಿ ಹೊಲಿದಿತ್ತಲ್ಲ! ಹೊಟ್ಟು ತೆಗೆದು ಹಸನು ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಕಳಿಸಲೆಂದು ಹೊಲಿದಿಟ್ಟ ಪಾರ್ಚ್‌ಮೆಂಟ್ ಮೂಟೆಗಳು. ಲಾರಿ ಅವತ್ತೇ ಬರುವುದಿತ್ತು. ಅವನ್ನೂ ಬಿಚ್ಚು ಎಂದಳು ಅಜ್ಜಿ. ಒಂದು ತುಂಡು ಹುರಿ ವ್ಯರ್ಥವಾದರೂ ಮೇಸ್ತ್ರಿಯನ್ನು ಗದರುತ್ತಿದ್ದ ಅಪ್ಪ ನೆಲದ ಮೇಲೆ ಮಂಡಿಯೂರಿ, ಹೊಲಿಗೆಯ ಹುರಿಯನ್ನು ಕುಡುಗೋಲಿನಿಂದ ಕುಯ್ದು ಎಳೆಯತೊಡಗಿದರು. ಮೂಟೆಗಳ ಬಾಯಿಂದ ಬೀಜ ಸುರಿಯಿತು. ಹುರಿ ಕೊಯ್ದು ಅಪ್ಪನ ಬೆರಳಿನಿಂದ ರಕ್ತ ಬರುತ್ತಿತ್ತು. ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಮಗಳು ಆ ಗೋಡೆಯ ಆಚೆ ನೀರು ನೀರು ಎನ್ನುತ್ತಿದ್ದಳು. ಇವರು ಮೂಟೆಗಳಿಗೆ ಉಪಚಾರ ಮಾಡುತ್ತಿದ್ದರು. ಇವತ್ತು ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

"ಇನ್ನೂ ಎಲ್ಲೋ ಒಂದು ಉಳ್ಕಂಡಿದೆ. ಹುಡುಕೇ, ಹುಡುಕು!" ಎಂದು ಅಜ್ಜಿ ನನ್ನನ್ನು ಅಟ್ಟಿದಳು. ಅವಳ ಮುಖ ಬಿಳುಚಿತ್ತು.

ಹುಡುಕುತ್ತಾ ಹಿಂದಿನ ಕೋಣೆಯ ಹತ್ತಿರ ಹೋದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅಕ್ಕ ಮತ್ತೆ ಹೊರಗೆ ಬರದಿರಲಿ ಎಂದು ಅಜ್ಜಿ ಹಾಕಿದ್ದು. ಇಂಕಿನ ಬಾಟಲಿಯ ಮುಚ್ಚಳ ತೆಗೆದ ಮನೆಯಲ್ಲಿ, ಕರುವಿನ ಹಗ್ಗ ಬಿಚ್ಚಿದ ಮನೆಯಲ್ಲಿ, ಅಕ್ಕನ ಬಾಗಿಲಿಗೆ ಚಿಲಕ. ಒಳಗಿನಿಂದ ಅವಳು ಬಾಗಿಲು ಕೆರೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ಅಜ್ಜೀ, ಇಲ್ಲೊಂದು ಉಳಿದಿದೆ! ನೀನೇ ಹಾಕಿದ್ದು!" ಎಂದು ನಾನು ಕಿರುಚಿದೆ.

ಅಜ್ಜಿ ಬಂದಳು, ಚಿಲಕ ನೋಡಿದಳು. ಅವಳದೇ ಶಾಸ್ತ್ರ, ಬೇಡ ಎನ್ನುವುದು ಹೇಗೆ? ನಾನು ಚಿಲಕ ತೆಗೆದೆ. ಅಕ್ಕ ಗೋಡೆ ಹಿಡಿದುಕೊಂಡು ಹಿಂದಿನ ಜಗಲಿಗೆ ಬಂದಳು. ಬೆವರಿನಿಂದ ಕೂದಲೆಲ್ಲ ಮುಖಕ್ಕೆ ಅಂಟಿಕೊಂಡಿತ್ತು. ನಾನು ಚೊಂಬಿನಲ್ಲಿ ನೀರು ತಂದುಕೊಟ್ಟೆ. ಗಟಗಟ ಕುಡಿದಳು. ಕುಡಿದದ್ದೇ, "ಆ ಹೆಂಗಸನ್ನ ಕರಿಯೇ. ನಂಗೆ ಹೆದ್ರಿಕೆ ಆಗ್ತಿದೆ" ಎಂದಳು.

ನಾನು ಗೋದಾಮಿಗೆ ಓಡಿದೆ. ಅಪ್ಪನೆದುರು ಅವತ್ತಿನವರೆಗೆ ದನಿ ಎತ್ತಿದವಳಲ್ಲ. "ಮೂಟೆ ಬಿಚ್ಚಿದ್ದು ಸಾಕು! ಲೈನಿಗೆ ಹೋಗಿ ಅಪ್ಪಾ! ಅಕ್ಕನೂ ಅಮ್ಮನ ಹಂಗೆ ಸಾಯ್ತಾಳೆ!" ಎಂದೆ.

ಅಪ್ಪ ನನ್ನ ಮುಖ ನೋಡಿದರು. ಎದ್ದರು. ಕಣದ ಸುತ್ತ ದಾರಿ ಇತ್ತು. ಅಪ್ಪ ಸುತ್ತಿ ಹೋಗಲಿಲ್ಲ. ಒಣಗಲು ಹಾಕಿದ್ದ ಪಾರ್ಚ್‌ಮೆಂಟಿನ ಮೇಲೇ ಬರಿಗಾಲಲ್ಲಿ ಓಡಿದರು, ಬೀಜ ಆಚೀಚೆ ಚಿಮ್ಮುತ್ತಿತ್ತು.

ಸೂಲಗಿತ್ತಿ ಅಪ್ಪನ ಹಿಂದೆಯೇ ಬಂದರು. ಮನೆಯಲ್ಲಿ ಎಲ್ಲರೂ ಅವರನ್ನು ಅವಳು, ಇವಳು ಎನ್ನುತ್ತಿದ್ದರು. ನಾನು ಮಾತ್ರ ಅವರು ಎಂದೇ ಬರೆಯುತ್ತೇನೆ. ಕೈ ಕಾಲು ತೊಳೆದು ಬಂದವರು ಅಜ್ಜಿಯನ್ನು ಏನೂ ಕೇಳಲಿಲ್ಲ, ಅಪ್ಪನನ್ನೂ ಕೇಳಲಿಲ್ಲ. ಅಕ್ಕನ ಪಕ್ಕ ಕುಳಿತು ಬೆನ್ನು ಸವರಿದರು.

"ನಿಂಗೆ ಎಂತ ಬೇಕು ಮಗಾ? ಹೆಂಗಿದ್ರೆ ಹಿತ ಆಗ್ತದೆ?"

ಆ ಬೆಳಗ್ಗೆಯಿಂದ ಅಕ್ಕನನ್ನು ಯಾರೂ ಕೇಳದ ಮಾತು ಅದು. ಅಕ್ಕ ಅತ್ತುಬಿಟ್ಟಳು.

ಆ ಕೋಣೆಗೆ ಹೋಗುವುದಿಲ್ಲ ಎಂದಳು. ಬೆಳಕು ಬೇಕು ಎಂದಳು. ಮಲಗಿದರೆ ಸೊಂಟ ಸೀಳಿದ ಹಾಗಾಗುತ್ತದೆ, ಏನಾದರೂ ಹಿಡಿದುಕೊಂಡು ಕೂರುತ್ತೇನೆ ಎಂದಳು. ಸೂಲಗಿತ್ತಿ ಜಗಲಿಗೆ ಎರಡು ಸೀರೆ ಅಡ್ಡ ಕಟ್ಟಿಸಿ ಮರೆ ಮಾಡಿದರು. ಮೇಲಿನ ತೊಲೆ ನೋಡಿ, "ಒಂದು ಹಗ್ಗ ತಾ ಪುಟ್ಟೀ" ಎಂದರು. ನಾನು ಕರುವಿನ ಹಗ್ಗ ತಂದೆ.

ಅಜ್ಜಿ ಹೌಹಾರಿದಳು. "ಗಂಟೆಲ್ಲ ಬಿಚ್ಚಿಸಿದೀನಿ, ನೀನು ಹಗ್ಗ ಕಟ್ತೀಯಾ? ನನ್ನ ಸೊಸೆ ಹೋಗಿದ್ದು ಸಾಲದಾ?"

ಸೂಲಗಿತ್ತಿ ಹಗ್ಗ ಹಿಡಿದುಕೊಂಡು ನಿಂತರು. "ನೋಡು ಮಗಾ, ಅಮ್ಮಾರು ಬೇಡ ಅಂತಾರೆ. ನೀನು ಎಂತ ಅಂತೀಯ?"

"ಕಟ್ಟಿ" ಎಂದಳು ಅಕ್ಕ. ಒಂದೇ ಮಾತು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ತೊಲೆಗೆ ಹಗ್ಗ ಬಿತ್ತು. ಅಕ್ಕ ಅದಕ್ಕೆ ಜೋತುಬಿದ್ದು, ಕುಕ್ಕರುಗಾಲಲ್ಲಿ ಕುಳಿತಳು. ನನ್ನನ್ನು ಹೊರಗೆ ಕಳಿಸಲು ಅಜ್ಜಿ ಬಂದಾಗ ಅಕ್ಕ ನನ್ನ ಕೈ ಬಿಡಲಿಲ್ಲ. ಹಾಗಾಗಿ ನಾನು ಅವಳ ಬೆನ್ನಿಗೆ ಬೆನ್ನು ಕೊಟ್ಟು, ಹೊರಗೆ ಮುಖ ಮಾಡಿ ಕುಳಿತೆ. ಅವಳ ಬೆನ್ನಿನ ಬಿಸಿ, ಅವಳ ಏದುಸಿರು, ಸೂಲಗಿತ್ತಿ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆಯ ಪರಿಮಳ ಇನ್ನೂ ನನ್ನ ನೆನಪಿನಲ್ಲಿದೆ. ಕೂಗು ಬಂದರೆ ಕೂಗು ಮಗಾ ಎನ್ನುತ್ತಿದ್ದರು ಅವರು. ಮಧ್ಯಾಹ್ನ ಆಳುಗಳ ಊಟದ ಗಂಟೆ ಹೊಡೆಯುವ ಮುಂಚೆಯೇ ನನ್ನ ಬೆನ್ನ ಹಿಂದೆ ಒಂದು ಮಗು ಅತ್ತಿತು. ಅಕ್ಕ ಅತ್ತದ್ದೂ ನಕ್ಕದ್ದೂ ಒಟ್ಟಿಗೇ ಕೇಳಿಸಿತು. ಕಣದ ಅಂಚಿನಲ್ಲಿ ಕುಳಿತಿದ್ದ ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಕೋಪವೂ ಮುಗಿಯುತ್ತಿತ್ತೇನೋ. ಸಂಜೆ ಮಗು ನೋಡಲು ಬಂದವರಿಗೆಲ್ಲ ಸಕ್ಕರೆ ಹಂಚುತ್ತಾ ಅಜ್ಜಿ ಹೇಳಿದ್ದೇನು ಗೊತ್ತೇ? "ಈ ಸಲ ಒಂದು ಬೀಗನೂ ಬಿಡಲಿಲ್ಲ. ಮೂಟೆ ಬಾಯಿ ಬಿಚ್ಚಿದ್ದೇ ಬಿಚ್ಚಿದ್ದು, ಮಗು ಬಂತು." ಹಗ್ಗದ ಸುದ್ದಿಯೇ ಇಲ್ಲ. ಸೂಲಗಿತ್ತಿಗೆ ಹಿತ್ತಲಿನ ಕಲ್ಲಿನ ಮೇಲೆ ಎಲೆ ಹಾಕಿ ಊಟ ಕೊಟ್ಟರು. ಅವರು ಕುಳಿತ ಜಾಗವನ್ನು ಅವರ ಕೈಯಿಂದಲೇ ತೊಳೆಸಿದರು. ಅಕ್ಕನ ಮಗುವನ್ನು ಮೊದಲು ಎತ್ತಿಕೊಂಡ ಆ ಕೈಗಳಿಂದ. ಆ ಕಲ್ಲಿನ ಪಕ್ಕದಲ್ಲೇ ನಿಂತು, ನಾನೂ ಈ ಕೆಲಸ ಕಲಿಯುತ್ತೇನೆ ಎಂದುಕೊಂಡೆ. ಪ್ರೀತಿಯಿಂದಲ್ಲ ಮಕ್ಕಳೇ, ಸಿಟ್ಟಿನಿಂದ.

ಅಜ್ಜಿ ಎಷ್ಟು ಬೈದರೂ ಲೈನಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಸೂಲಗಿತ್ತಿಯ ಜೊತೆ ಮನೆಮನೆಗೆ ಹೋಗಿ ಕಲಿತೆ. ಆಮೇಲೆ ಚಿಕ್ಕಮಗಳೂರಿನಲ್ಲಿ ತರಬೇತಿಯನ್ನೂ ಪಡೆದೆ. ಮೂಡಿಗೆರೆಯಿಂದ ಹೊರನಾಡಿನವರೆಗೆ ಎಷ್ಟೋ ಮನೆಗಳಲ್ಲಿ ಹೆರಿಗೆ ಮಾಡಿಸಿದೆ. ತೊಂದರೆ ಕಂಡರೆ ಒಂದು ಕ್ಷಣ ತಡಮಾಡದೆ ಜೀಪು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ. ಎಲ್ಲಿಗೆ ಹೋದರೂ ಮೊದಲು ಕೇಳುತ್ತಿದ್ದದ್ದು ಅದೇ ಮಾತು, ನಿಂಗೆ ಎಂತ ಬೇಕು ಮಗಾ?

ಅಮ್ಮ ಹೇಗೆ ಹೋದಳು ಎಂದು ನನಗೆ ಹೇಳಿದ್ದೂ ಸೂಲಗಿತ್ತಿಯೇ. ಹೆತ್ತ ಮೇಲೆ ರಕ್ತ ನಿಲ್ಲಲಿಲ್ಲವಂತೆ. ಅವತ್ತು ಇವರನ್ನು ಕರೆದದ್ದು ಎಲ್ಲ ಮುಗಿದ ಮೇಲೆ. ನಾನು ಅಪ್ಪನಿಗೆ ಹೇಳಿದೆ, "ಅಪ್ಪಾ, ಅದು ಬೀಗದಿಂದ ಅಲ್ಲ. ನಿಮ್ಮ ಕೀಲಿಕೈಯಿಂದ ಏನೂ ಆಗ್ಲಿಲ್ಲ." "ಇರಬೋದು ಮಗಾ" ಎಂದರು ಅಪ್ಪ. ಆದರೆ ನಿಮ್ಮಮ್ಮ ನನ್ನ ಹೊಟ್ಟೆಯಿಂದ ಬರುವ ದಿನ ಅವರು ಮನೆಯ ಬೀಗಗಳನ್ನೆಲ್ಲ ತೆಗೆದಿಟ್ಟು, ನನಗೆ ಕುಡಿಯಲು ನೀರು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು.

ನಿಮ್ಮ ಕಾಲ ಬೇರೆ. ನೀವು ಹುಟ್ಟಿದ್ದು ದೊಡ್ಡ ಆಸ್ಪತ್ರೆಯಲ್ಲಿ. ಗೋಣಿತಾಟಿಲ್ಲ, ಕತ್ತಲೆಯಿಲ್ಲ, ಔಷಧಿ, ಯಂತ್ರ, ಡಾಕ್ಟರು ಎಲ್ಲ ಇದ್ದರು. ಅದು ಬೇಕು, ಅಷ್ಟಿದ್ದಿದ್ದರೆ ನನ್ನಮ್ಮ ಬದುಕುತ್ತಿದ್ದಳು. ಆದರೆ ನಿಮ್ಮಲ್ಲಿ ಮೊದಲ ಮಗು ಹುಟ್ಟುವ ದಿನ ನಿಮ್ಮಮ್ಮನನ್ನು ಒಳಗೆ ಕರೆದುಕೊಂಡು ಹೋಗಿ, ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. "ಇಲ್ಲೇ ಇರಿ ಅಜ್ಜಿ, ನಿಮಗೆ ಇದೆಲ್ಲ ಗೊತ್ತಾಗಲ್ಲ" ಎಂದಳು ಒಬ್ಬ ನರ್ಸ್ ಹುಡುಗಿ. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಿಮ್ಮಮ್ಮನ ದನಿ ಬಂತು. ನೀರು ಕೇಳುತ್ತಿದ್ದಳು, ಎದ್ದು ಕೂರುತ್ತೇನೆ ಎನ್ನುತ್ತಿದ್ದಳು. "ಕೂಗಬೇಡಮ್ಮ, ಸುಮ್ನೆ ಮಲಗು" ಎಂದು ಯಾರೋ ಗದರಿದರು. ಬಾಗಿಲು ತಳ್ಳಿದೆ. ಈ ಸಲ ಚಿಲಕ ಒಳಗಿತ್ತು.

ಅವತ್ತು ಆಸ್ಪತ್ರೆಯಲ್ಲಿ ಅಜ್ಜಿ ಗಲಾಟೆ ಮಾಡಿ ಮಾನ ಕಳೆದಳು ಎಂದು ನಿಮ್ಮಪ್ಪ ಈಗಲೂ ಹೇಳಿಕೊಂಡು ನಗುತ್ತಾನಲ್ಲ, ಆ ಗಲಾಟೆ ಇದೇ. ನಾನು ಬಾಗಿಲು ಬಡಿದೆ. ಎರಡೂ ಕೈಯಲ್ಲಿ ಬಡಿದೆ. ತೆಗೆಯುವವರೆಗೂ ಬಡಿದೆ. ಆಮೇಲೆ ಒಳಗೆ ಹೋಗಿ ನಿಮ್ಮಮ್ಮನಿಗೆ ನೀರು ಕುಡಿಸಿದೆ.