ಮೂರನೆಯ ವರ್ಷದ ಕುಸುಬಿ

ನನ್ನ ಹೆಂಡತಿ ವಿಮಾನದ ಎಣ್ಣೆಯ ಕೆಲಸ ಮಾಡುತ್ತಿದ್ದಳು. ಹೀಗೆ ಹೇಳಿದರೆ ನಮ್ಮ ಕಡೆಯ ಜನ ಮೊದಲು ನಗುತ್ತಾರೆ, ಆಮೇಲೆ ಅವಳಿಲ್ಲ ಎಂಬುದು ನೆನಪಾಗಿ ಸುಮ್ಮನಾಗುತ್ತಾರೆ. ಅವಳು ಹೋಗಿ ಇನ್ನೂ ವರ್ಷ ತುಂಬಿಲ್ಲ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ, ಅವಳದನ್ನೂ. ಬರೆದರೆ ಒಬ್ಬರಿಗೆ ನೋವಾಗುತ್ತದೆ.

ನಮ್ಮೂರು ಮೊರಬ ಬಿಟ್ಟು ತಿರ್ಲಾಪುರದ ಕಡೆ ಹೋಗುವ ದಾರಿಯಲ್ಲಿ ಸಿಗುತ್ತದೆ. ನಾನು ಪಿಯುಸಿವರೆಗೆ ಓದಿದವನು. ಮೊರಬದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಅವಳು ಅಣ್ಣಿಗೇರಿ ಕಡೆಯವಳು, ಕೃಷಿಯಲ್ಲಿ ಎಂ.ಎಸ್ಸಿ. ಮಾಡಿದ್ದಳು. ಮದುವೆಯಾದ ಮೇಲೆ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ಎಣ್ಣೆಕಾಳಿನಿಂದ ವಿಮಾನಕ್ಕೆ ಇಂಧನ ಮಾಡಬಹುದೇ, ಮಾಡಬಹುದಾದರೆ ಯಾವ ಕಾಳು, ಅದರಲ್ಲಿ ಯಾವ ತಳಿ ಎಂದು ನೋಡಲು ಸರಕಾರ ಆ ವಿಶ್ವವಿದ್ಯಾಲಯಕ್ಕೆ ಮೂರು ವರ್ಷದ ಯೋಜನೆಯೊಂದನ್ನು ಕೊಟ್ಟಿತ್ತು. ಅವಳ ಪಾಲಿಗೆ ಬಂದದ್ದು ಕುಸುಬಿ.

ಕುಸುಬಿಯನ್ನು ನಮ್ಮವರು ಹೊಲದ ತುಂಬ ಬಿತ್ತುವುದಿಲ್ಲ. ಜೋಳದ ಹೊಲದ ಸುತ್ತ ನಾಲ್ಕು ಸಾಲು ಹಾಕುತ್ತಾರೆ. ಗಿಡಕ್ಕೆಲ್ಲ ಮುಳ್ಳು, ಹಾಗಾಗಿ ದನ ಒಳಗೆ ಬರುವುದಿಲ್ಲ. ಮನೆಯ ಎಣ್ಣೆಗೂ ಆಯಿತು, ಬೇಲಿಗೂ ಆಯಿತು. ಅಂಥದ್ದನ್ನು ಅವಳು ನಮ್ಮ ಎರೆಹೊಲದ ಒಂದು ಭಾಗದಲ್ಲಿ ಅದೊಂದನ್ನೇ ಬಿತ್ತಬೇಕು ಎಂದಾಗ ನಮ್ಮ ಅವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಬೇಲಿನ ಬಿತ್ತತೀನಿ ಅಂತಾಳಲ್ಲೋ ಯಪ್ಪಾ ಈಕಿ! ಬೆಳಿ ಎಲ್ಲಿ ಬಿತ್ತೂದು ಮತ್ತ?"

"ಅತ್ತೀ, ಇದರ ಎಣ್ಣಿಲೆ ವಿಮಾನ ಹಾರತೈತಿ," ಎಂದಳು ಇವಳು.

"ಹಾರಲಿ ಬಿಡು. ನಾ ಇಷ್ಟ ವರ್ಷ ಅದ ಎಣ್ಣಿ ಒಗ್ಗರಣಿ ತಿಂದೀನಿ, ಒಂದ ದಿನಾನೂ ಹಾರಲಿಲ್ಲ."

ಹೊಲದಲ್ಲಿ ಸಣ್ಣ ಸಣ್ಣ ಮಡಿ ಮಾಡಿದರು. ಒಂದೊಂದು ಮಡಿಗೆ ಒಂದೊಂದು ತಳಿ. ಮಡಿಯ ಮೂಲೆಗೆ ಕಡ್ಡಿ ನೆಟ್ಟು ಅದಕ್ಕೆ ನಂಬರಿನ ತಗಡು ಕಟ್ಟಿದರು. ಹೂ ಬಿಡುವ ಹೊತ್ತಿಗೆ ಒಂದರ ಪರಾಗ ಇನ್ನೊಂದಕ್ಕೆ ಸೇರಬಾರದೆಂದು ಕೆಲವು ಮೊಗ್ಗುಗಳಿಗೆ ಬಿಳಿ ಬಟ್ಟೆಯ ಸಣ್ಣ ಚೀಲ ಕಟ್ಟುತ್ತಿದ್ದಳು. ಬಾಜೂ ಹೊಲದ ಕಾಕಾ ಅದನ್ನು ನೋಡಲೆಂದೇ ಬದುವಿನ ಮೇಲೆ ಬಂದು ನಿಲ್ಲುತ್ತಿದ್ದರು. ಮುಸಲ್ಮಾನರ ಮನೆತನ ಅವರದು. ಅವರ ಅಪ್ಪ ಮತ್ತು ನನ್ನ ಅಜ್ಜ ಒಂದೇ ಬಾವಿಯ ನೀರು ಎತ್ತಿದವರು. ನನ್ನ ಹೆಂಡತಿಯನ್ನು ಅವರು ಕರೆಯುತ್ತಿದ್ದುದೇ ವಿಮಾನದಾಕಿ ಎಂದು.

"ಏನ ಬೇಟಾ ವಿಮಾನದಾಕಿ, ಕೂಸಿನ ತಲಿಗೆ ಕಟ್ಟಿದಂಗ ಹೂವಿಗೆ ಕುಂಚಗಿ ಕಟ್ಟೀಯಲ್ಲ, ಥಂಡಿ ಹತ್ತೇತೇನು ಅವಕ್ಕ?"

"ಹೌದ್ರಿ ಕಾಕಾ, ರಾತ್ರಿ ಕೆಮ್ಮತಾವ್ರಿ."

"ಹಂಗಾರ ನನ್ನ ಹತ್ತಿ ಹೊಲಾನೂ ನೋಡು. ಅದಕ್ಕೂ ಮೈಯಾಗ ಆರಾಮಿಲ್ಲ."

ಥಂಡಿಯ ಮಾತು ಸುಮ್ಮನೆ ಬಂದ ಮಾತಲ್ಲ. ಅವಳ ಕೆಲಸವೆಲ್ಲ ಅದರ ಮೇಲೆಯೇ ಇತ್ತು. ವಿಮಾನ ಹಾರುವ ಎತ್ತರದಲ್ಲಿ ನಾವು ಊಹಿಸಲಾರದಷ್ಟು ಚಳಿ ಇರುತ್ತದಂತೆ. ಅಲ್ಲಿ ಎಣ್ಣೆ ಗಟ್ಟಿಯಾದರೆ ವಿಮಾನದ ಕಥೆ ಮುಗಿಯಿತು. ಎಲ್ಲ ತಳಿಯ ಎಣ್ಣೆ ಒಂದೇ ತರಹ ಇರುವುದಿಲ್ಲ. ಮಡಿಯ ಪ್ರಕಾರ ಬೇರೆ ಬೇರೆ ಕೊಯ್ದು, ಬೇರೆ ಬೇರೆ ಬಡಿದು, ಬೇರೆ ಬೇರೆ ಚೀಲದಲ್ಲಿ ತುಂಬಿ ಕಳಿಸಿದರೆ ದೂರದ ಇನ್ನೊಂದು ಪ್ರಯೋಗಶಾಲೆಯಲ್ಲಿ ಎಣ್ಣೆ ತೆಗೆದು ಇಂಧನ ಮಾಡಿ ನೋಡುತ್ತಿದ್ದರು. ಮೊದಲ ಎರಡು ವರ್ಷ ಸುಗ್ಗಿಗೆ ವಿಶ್ವವಿದ್ಯಾಲಯದ ಜೀಪಿನಲ್ಲಿ ಕೂಲಿಯವರು ಬರುತ್ತಿದ್ದರು. ಅವರಿಗೆ ಈ ಕೆಲಸ ಗೊತ್ತಿತ್ತು. ಒಂದು ಮಡಿ ಕೊಯ್ದು, ಚೀಲಕ್ಕೆ ನಂಬರು ಬರೆದು, ಬಾಯಿ ಕಟ್ಟಿ, ಆಮೇಲೆ ಮುಂದಿನ ಮಡಿಗೆ ಕೈ ಹಚ್ಚುತ್ತಿದ್ದರು. ನೋಡುವವರಿಗೆ ಬೇಸರವಾಗುವಷ್ಟು ನಿಧಾನ. ಕಾಕಾ ಹೇಳುತ್ತಿದ್ದರು, "ಸರಕಾರದ ಕೆಲಸ ಅಂದ್ರ ಹಿಂಗ ನೋಡು. ನಮ್ಮ ಮಂದಿ ಬಂದ್ರ ಊಟದ ಹೊತ್ತಿಗೆ ಹೊಲ ಬಯಲ ಆಗ್ತಿತ್ತು."

ಎರಡನೆಯ ವರ್ಷದ ಕೊನೆಗೆ ಎರಡು ತಳಿಗಳ ಎಣ್ಣೆ ಚಳಿಗೆ ಗಟ್ಟಿಯಾಗದೆ ಚೆನ್ನಾಗಿ ನಿಂತಿತ್ತು. ಅವತ್ತು ಅವಳು ಬಸ್ಸಿನಿಂದ ಇಳಿದು ಮನೆಗೆ ಹೋಗದೆ ನೇರ ಅಂಗಡಿಗೆ ಬಂದಿದ್ದಳು. ಗಿರಾಕಿಗಳಿದ್ದರು. ಅವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನಕ್ಕಳು. ಅಷ್ಟೇ. ಎರಡು ವರ್ಷದ ಫಲ ಸಾಲದು, ಮೂರನೆಯ ವರ್ಷವೂ ಹೀಗೇ ಬಂದರೆ ಮಾತ್ರ ಮಾತಿಗೆ ಬೆಲೆ ಎಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿದಳು. "ಒಂದ ವರ್ಷ ಮಳಿ ಜಾಸ್ತಿ ಆತು, ಒಂದ ವರ್ಷ ಕಡಿಮಿ ಆತು. ಇನ್ನೊಂದ ನೋಡಬೇಕ್ರಿ. ಇಲ್ಲಂದ್ರ ಇದು ಬರೇ ದೈವ ಅಂತಾರ."

ಮೂರನೆಯ ವರ್ಷದ ಹಣ ಬರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಯೋಜನೆಯ ಮುಖ್ಯಸ್ಥರಾಗಿದ್ದ ಅವಳ ಸರ್ ದಿಲ್ಲಿಗೆ ಫೋನ್ ಮಾಡುತ್ತಿದ್ದರು, ಅಲ್ಲಿಂದ ಮುಂದಿನ ತಿಂಗಳು ಎನ್ನುತ್ತಿದ್ದರು. ಅವಳ ಸಂಬಳ ನಿಂತಿತು. ಜೀಪು ನಿಂತಿತು. ಕೂಲಿಯವರು ಬೇರೆ ಕೆಲಸ ನೋಡಿಕೊಂಡರು. ಸರ್ ಒಳ್ಳೆಯ ಮನುಷ್ಯರು, ಇವಳ ಮುಂದೆ ಕುಳಿತು, "ಯೋಜನೆ ನಿಂತಿಲ್ಲಮ್ಮ, ಹಣ ಬಂದಿಲ್ಲ ಅಷ್ಟೇ," ಎಂದರಂತೆ. ಕೆಲವು ತಿಂಗಳಿಂದ ಅವಳಿಗೆ ಹೊಟ್ಟೆನೋವಿತ್ತು, ಅದೇ ಮಳೆಗಾಲದಲ್ಲಿ ಅದರ ಕಾರಣ ಗೊತ್ತಾಯಿತು. ಹುಬ್ಬಳ್ಳಿಯ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಹೇಳಿದರು. ಹೊರಗೆ ಬಂದಾಗ ಅವಳು ಬೆಂಚಿನ ಮೇಲೆ ಕುಳಿತು ಮೋಡ ನೋಡುತ್ತಿದ್ದಳು.

"ಹಿಂಗಾರಿಗೆ ಹದ ಚೊಲೋ ಆಗತೈತಿ ಅನಸ್ತೈತ್ರಿ," ಎಂದಳು.

ಆ ಹಿಂಗಾರಿ ನಾವೇ ಬಿತ್ತಿದೆವು. ಸರಕಾರದ ಹಣವಿಲ್ಲ, ಆಳಿಲ್ಲ. ನಾನು ಮತ್ತು ಅವ್ವ ಬಿತ್ತಿದೆವು, ಅವಳು ಬದುವಿನಲ್ಲಿ ಕುಳಿತು ಯಾವ ಮಡಿಗೆ ಯಾವ ಪೊಟ್ಟಣ ಎಂದು ಹೇಳುತ್ತಿದ್ದಳು. ಅವ್ವ ನಂಬರು ಓದಲಾರಳು. ಆದರೂ ಒಂದು ಕಾಳು ಆಚೀಚೆ ಆಗದ ಹಾಗೆ ಸೆರಗಿನಲ್ಲಿ ಪೊಟ್ಟಣ ಹಿಡಿದು, "ಇದ ಎಲ್ಲಿ ಹಾಕಲೆವಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಬೇಲಿಯ ಮಾತು ಆಮೇಲೆ ಅವಳ ಬಾಯಲ್ಲಿ ಬರಲೇ ಇಲ್ಲ.

ಗಿಡ ಎದ್ದವು. ಇವಳು ಇಳಿದಳು. ಹೂ ಬಿಟ್ಟಾಗ ಕುಂಚಗಿ ಕಟ್ಟಲು ಅವಳನ್ನು ಬೈಕಿನ ಮೇಲೆ ಕೂಡಿಸಿಕೊಂಡು ಹೋಗುತ್ತಿದ್ದೆ. ಕೊನೆಕೊನೆಗೆ ಅದೂ ಆಗಲಿಲ್ಲ. ನಾನೇ ಕಟ್ಟಿ, ಫೋನಿನಲ್ಲಿ ಫೋಟೋ ತೆಗೆದು ತಂದು ತೋರಿಸುತ್ತಿದ್ದೆ. ಅವಳು ಹಾಸಿಗೆಯಲ್ಲೇ ಮಲಗಿ ಫೋಟೋ ದೊಡ್ಡದು ಮಾಡಿ ನೋಡಿ, "ಇದರ ಬಾಯಿ ಸಡಿಲ ಆಗೇತ್ರಿ, ನಾಳೆ ಬಿಗಿ ಮಾಡ್ರಿ," ಎನ್ನುತ್ತಿದ್ದಳು. ತನ್ನ ಬಗ್ಗೆ ಅವಳು ಏನನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ: "ನಾ ಇರಲಿ ಬಿಡಲಿ, ಮಡಿ ಮಡಿ ಬ್ಯಾರೆ ಕೊಯ್ರಿ. ಮೂರನೇ ವರ್ಷ ಆತು ಅಂದ್ರ ನಂದು ಮುಗೀತು."

ಕುಸುಬಿ ಒಣಗಿ ಕೊಯ್ಲಿಗೆ ಬಂದ ವಾರವೇ ಅವಳು ಹೋದಳು.

ನಮ್ಮಲ್ಲಿ ಮಣ್ಣು ಮಾಡುತ್ತಾರೆ. ನಮ್ಮ ಮನೆತನದವರನ್ನೆಲ್ಲ ನಮ್ಮ ಹೊಲದಲ್ಲೇ, ಬದುವಿನ ಬೇವಿನ ಗಿಡದ ಹತ್ತಿರ ಮಣ್ಣು ಮಾಡಿದ್ದು. ಅವಳನ್ನೂ ಅಲ್ಲಿಗೇ ಒಯ್ದೆವು. ಊರಿನವರೆಲ್ಲ ಬಂದಿದ್ದರು. ಕಾಕಾ ರೋಜಾ ಇದ್ದರು, ಆ ಬಿಸಿಲಲ್ಲಿ ಒಂದು ಹನಿ ನೀರಿಲ್ಲದೆ ಗುಣಿ ತೋಡುವವರ ಜೊತೆ ಮಣ್ಣು ಎತ್ತಿದರು. ಬಂದವರ ಕಣ್ಣಿಗೆ ಪಕ್ಕದಲ್ಲೇ ಒಣಗಿ ನಿಂತ ಕುಸುಬಿ ಕಂಡಿತು. ಇನ್ನು ನಾಲ್ಕು ದಿನ ಬಿಟ್ಟರೆ ಕಾಳು ಉದುರುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಅದನ್ನು ನೋಡಲೂ ಇಲ್ಲ.

ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ನಡುವೆ ಕೂಲಿ ಇಲ್ಲ. ಈಗ ಎಲ್ಲದಕ್ಕೂ ಮಷೀನು ಬಂದು ಅದು ಕಡಿಮೆಯಾಗಿದೆ. ಆದರೆ ಸಾವಾದ ಮನೆಯ ಬೆಳೆ ಹೊಲದಲ್ಲಿ ನಿಂತಿದ್ದರೆ ಅದನ್ನು ಊರು ಹಾಗೇ ಬಿಡುವುದಿಲ್ಲ. ಕರೆಯಬೇಕಾಗಿಲ್ಲ, ಕೇಳುವುದೂ ಇಲ್ಲ. ದುಃಖದ ಮನೆಗೆ ಹೋಗಿ ಬೆಳೆಯ ಮಾತು ಆಡುವುದು ಸರಿಯಲ್ಲ ಎಂದು ತಾವಾಗಿಯೇ ಹೋಗಿ ಕೊಯ್ದು ಬರುತ್ತಾರೆ.

ಮೂರನೆಯ ದಿನ ಹಾಲು ತುಪ್ಪ ಹಿಡಿದುಕೊಂಡು ನಾನು, ಅವ್ವ ಹೊಲಕ್ಕೆ ಹೋದೆವು. ಹೊಲ ಬಯಲಾಗಿತ್ತು. ನಡುವೆ ಕುಸುಬಿಯ ಒಂದೇ ಒಂದು ಗುಡ್ಡೆ ಇತ್ತು, ಗಾಳಿಗೆ ಹಾರದ ಹಾಗೆ ಮೇಲೆ ಕಲ್ಲು ಹೇರಿ ಅಚ್ಚುಕಟ್ಟಾಗಿ ಒಟ್ಟಿದ್ದರು. ಕಾಕಾ ಅದರ ನೆರಳಲ್ಲಿ ಕುಳಿತಿದ್ದರು. ಕುಸುಬಿಯನ್ನು ಇಬ್ಬನಿ ಇರುವಾಗಲೇ ಕೊಯ್ಯಬೇಕು, ಆಗ ಮುಳ್ಳು ಮೆತ್ತಗಿರುತ್ತದೆ. ಎರಡು ದಿನ ರೋಜಾದ ಸಹರಿ ಊಟ ಮುಗಿಸಿ, ನಮಾಜು ಮಾಡಿ, ಕತ್ತಲು ಹರಿಯುವ ಮೊದಲೇ ಊರ ಮಂದಿಯನ್ನು ಕರೆದುಕೊಂಡು ಬಂದಿದ್ದರಂತೆ. ಕೈಗೆ ಬಟ್ಟೆ ಸುತ್ತಿಕೊಂಡಿದ್ದರೂ ಮೊಣಕೈವರೆಗೆ ಗೀರು ಬಿದ್ದಿದ್ದವು.

ನನ್ನನ್ನು ನೋಡಿ ಎದ್ದು ಬಂದರು. ಅವರ ಕೈಯಲ್ಲಿ ಒಂದು ಕಟ್ಟು ಇತ್ತು. ಮಡಿಯ ಮೂಲೆಗಳಲ್ಲಿ ನೆಟ್ಟಿದ್ದ ಕಡ್ಡಿಗಳನ್ನೆಲ್ಲ ಕಿತ್ತು, ನಂಬರಿನ ತಗಡುಗಳನ್ನು ಒಂದೇ ಕಡೆ ಮಾಡಿ, ಸುತಳಿಯಿಂದ ಕಟ್ಟಿದ್ದರು. ಬಿಳಿ ಕುಂಚಗಿಗಳನ್ನು ಬಿಡಿಸಿ, ಜಾಡಿಸಿ, ಮಡಚಿ ತಮ್ಮ ಟವೆಲ್ಲಿನಲ್ಲಿ ಗಂಟು ಹಾಕಿದ್ದರು.

"ಆಕಿ ಸಾಮಾನ ಅದಾವ ತಮ್ಮಾ," ಎಂದರು. "ಒಂದೂ ಕಳದಿಲ್ಲ. ಜ್ವಾಕಿ ಇಟ್ಕೋ."

ಅವ್ವ ಗುಡ್ಡೆಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಅವಳಿಗೆ ತಿಳಿಯಿತು. ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ. ಎರಡೂ ಕೈಯಿಂದ ಕಾಕಾ ಕೊಟ್ಟದ್ದನ್ನು ತೆಗೆದುಕೊಂಡು, "ಉಪಕಾರ ಆತ್ರಿ ಕಾಕಾ," ಎಂದೆ.

"ಏ, ಅದೇನ ಮಾತಲೇ! ಮಗಳ ಬೆಳಿ ಮಣ್ಣಿಗೆ ಉದರಬೇಕಿತ್ತೇನು?" ಎಂದು ಅವರು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡರು.

ಬಿಸಿಲಿಗೆ ಗುಡ್ಡೆ ಕಟಕಟ ಒಣಗಿದ ಮೇಲೆ ಬಡಿದು, ತೂರಿ, ರಾಶಿ ಮಾಡಿದ್ದೂ ಅವರೇ. ಕಾಳು ದಪ್ಪವಾಗಿ, ಬೆಳ್ಳಗೆ ಬಂದಿತ್ತು. ಎಲ್ಲ ತಳಿಯ ಕಾಳೂ ನೋಡಲು ಒಂದೇ.

ಸರ್ ಬಂದದ್ದು ಆಮೇಲೆ. ಮೂರನೆಯ ವರ್ಷದ ಹಣ ಮಂಜೂರಾಗಿತ್ತು. ಮಾರ್ಚ್ ಮುಗಿಯುವುದರೊಳಗೆ ಖರ್ಚು ತೋರಿಸದಿದ್ದರೆ ವಾಪಸು ಹೋಗುತ್ತದೆ ಎಂದು ದಿಲ್ಲಿಯಿಂದ ಹೇಳಿದ್ದರಂತೆ. ಅವಳು ಬಿತ್ತಿಸಿದ್ದು ಅವರಿಗೆ ಗೊತ್ತಿತ್ತು, ಕೊಯ್ಲಿಗೆ ಆಳು ಕಳಿಸುತ್ತೇನೆ ಎಂದು ಹೇಳಲು ಬಂದಿದ್ದರು. ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದ ಚೀಲಗಳನ್ನು ನೋಡಿ ಅವರ ಮುಖ ಒಂದು ಕ್ಷಣ ಅರಳಿತು. ಚೀಲದ ಮೇಲೆ ನಂಬರು ಹುಡುಕಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಒಂದು ಚೀಲದ ಬಾಯಿ ಬಿಚ್ಚಿ, ಬೊಗಸೆಯಲ್ಲಿ ಕಾಳು ತುಂಬಿಕೊಂಡು, ಬೆರಳ ಸಂದಿಯಿಂದ ಮೆಲ್ಲಗೆ ಚೀಲಕ್ಕೇ ಬಿಟ್ಟರು.

ಅವ್ವ ಚಹಾ ತಂದಿಟ್ಟು ಅಲ್ಲೇ ಕುಳಿತಳು. "ಅದಕ್ಕೇನ್ರಿ ಸರ್, ಎಷ್ಟ ಮಡಿ ಇದ್ದುವು ಅಷ್ಟ ಪಾಲ ಮಾಡ್ರಿ. ನಂಬರ ಬರದ ಕಟ್ರಿ. ಹ್ವಾದ ವರ್ಷ ಬಂದಂಗ ಬಂತು ಅಂತ ಬರೀರಿ. ಆಕಿ ಕೆಲಸ ಒಂದ ಪೂರಾ ಆಗಲಿ. ಯಾರ ನೋಡಾಕ ಬರತಾರ್ರಿ?"

ಸರ್ ತಲೆ ತಗ್ಗಿಸಿದರು. "ಹಾಗೆ ಬರೆದರೆ ಕೆಳಗೆ ಆಕೆಯ ಹೆಸರು ಹಾಕಬೇಕಾಗುತ್ತದೆ ಅಮ್ಮಾ."

ಅವ್ವ ಎದ್ದು ಬಿಚ್ಚಿದ ಚೀಲದ ಬಾಯಿ ಕಟ್ಟಿದಳು. ಹಣ ವಾಪಸು ಹೋಯಿತು. ಎರಡು ವರ್ಷದ ಫಲವನ್ನಷ್ಟೇ ಬರೆದು ಯೋಜನೆ ಮುಗಿಸಿದರು. ಆ ಎರಡು ತಳಿಗಳ ಬಗ್ಗೆ, ಇನ್ನೂ ನೋಡಬೇಕು ಎಂದು ಒಂದು ಸಾಲು ಇದೆಯಂತೆ. ಮುಂದೆ ಹಣ ಸಿಕ್ಕರೆ ಬೇರೆ ಯಾರಾದರೂ ನೋಡುತ್ತಾರೆ, ಇಲ್ಲದಿದ್ದರೆ ಇಲ್ಲ.

ಚೀಲಗಳನ್ನು ಗಾಣಕ್ಕೆ ಹಾಕಿಸಿದೆ. ಕೊಯ್ಯಲು ಬಂದ ಮನೆಗಳಿಗೆಲ್ಲ ಎಣ್ಣೆ ಕಳಿಸಿದೆವು. ಕಾಕಾನ ಮನೆಗೆ ರಂಜಾನ್ ಹಬ್ಬದ ಹಿಂದಿನ ದಿನ ನಾನೇ ಒಯ್ದು ಕೊಟ್ಟೆ. ಹಬ್ಬ ಕಳೆದು ಎರಡು ದಿನಕ್ಕೆ ಅವರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು.

"ಜೀಪ ಬಂದಿತ್ತಂತಲ್ಲೋ, ಏನಂದ್ರು ಸಾಹೇಬ್ರು? ಆಕಿದು ಪೂರಾ ಆತಂತೇನು?"

"ಆತ್ರಿ."

"ನಾವ ಕೊಯ್ದದ್ದ ಕೆಲಸಕ್ಕ ಬಂತಿಲ್ಲೋ ಮತ್ತ?"

ಗೀರುಗಳು ಒಣಗಿ ಅವರ ಮುಂಗೈ ಮೇಲೆ ಕಪ್ಪು ಗೆರೆಗಳಾಗಿದ್ದವು.

"ಭಾಳ ಕೆಲಸಕ್ಕ ಬಂತ್ರಿ ಕಾಕಾ."

"ನಾ ಹೇಳಿದ್ದಿಲ್ಲೇನು?" ಎಂದು ಅವರು ಮೀಸೆ ಸವರಿಕೊಂಡರು. "ಜೀಪಿನ ಮಂದಿ ಆಗಿದ್ರ ಇನ್ನೂ ಕೊಯ್ಕೋತ ಕುಂದ್ರತಿದ್ರು."

ಇಬ್ಬರೂ ಸ್ವಲ್ಪ ನಕ್ಕೆವು. ಅವರು ಟ್ರ್ಯಾಕ್ಟರಿಗೆ ಒಂದು ಬೆಲ್ಟ್ ಕೇಳಿದರು, ತೆಗೆದುಕೊಟ್ಟೆ. ಅದನ್ನು ಹೆಗಲಿಗೆ ಹಾಕಿಕೊಂಡು, ಬಸ್ಸು ಹೊರಡುತ್ತದೆ ಎಂದು ಅವರು ಬಿರಬಿರನೆ ಸ್ಟ್ಯಾಂಡಿನ ಕಡೆ ಹೋದರು.