ನೇರಳೆ ಸಿಪ್ಪಿಯ ಪಾಠ

ಕೆರೂರಿನ ಗಂಗಕ್ಕ ನೇರಳೆ ರಸ ಹಿಂಡಿದ ಕೂಡಲೇ ಒಂದು ಗುಟುಕು ಕುಡಿದು, ಕನ್ನಡಿಯಲ್ಲಿ ತಮ್ಮ ನಾಲಿಗೆ ನೋಡಿಕೊಳ್ಳುತ್ತಾರೆ. ಬಣ್ಣ ಕಡುವಾಗಿ ಹತ್ತಿದರಷ್ಟೇ ಬಾಟಲಿಗೆ ತುಂಬುತ್ತಾರೆ.

ಅವರಿಗೆ ನಮ್ಮ ಆಹಾರ ಲ್ಯಾಬಿನ ಪದ್ಧತಿ ಕಲಿಸಿ ಬಾ ಎಂದು ಸರ್ ಕಳಿಸಿದ್ದರು; ಹೊಸದಾಗಿ ಸೇರಿದ ನನಗೆ ಅದೇ ಮೊದಲ ಕೆಲಸ. ಆಂಟಿಆಕ್ಸಿಡೆಂಟ್ ಉಳಿಯಬೇಕಾದರೆ ಹೀಗೆ ತಯಾರಿಸಬೇಕು ಎಂದು ತೊದಲುತ್ತಲೇ ಹೇಳಿ, ನಮ್ಮ ರಸದ ಬಾಟಲಿ ಕೊಟ್ಟೆ.

"ಮದ್ಲ ನೀ ಕುಡದು ನಾಲಿಗಿ ತೋರಸವಾ," ಅಂದರು.

ಕುಡಿದು ತೋರಿಸಿದೆ. ಬರೀ ತಿಳಿ ಗುಲಾಬಿ.

"ಸಿಪ್ಪಿ ಏನ್ ಮಾಡಿದ್ರಿ?"

"ಸೋಸಿ ಚೆಲ್ಲಿದ್ವಿರಿ."

"ಅಯ್ಯ, ಬಣ್ಣೆಲ್ಲಾ ಅದರಾಗ ಇರ್ತದಲ್ಲವಾ! ನಾ ಸಿಪ್ಪಿ ಸಮೇತ ಉಗುರುಬೆಚ್ಚಗ ಮಾಡಿ ಹಿಂಡ್ತೇನಿ."

ಆ ಬಣ್ಣವೇ ಆಂಟಿಆಕ್ಸಿಡೆಂಟ್ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು.

"ನಿಮ್ಮ ಸರ್‌ಗೆ ಫೋನ್ ಹಚ್ಚಿ ಕೊಡು, ಸಿಪ್ಪಿ ಒಗೀಬ್ಯಾಡ್ರಿ ಅಂತ ನಾ ಹೇಳ್ತೇನಿ," ಎಂದು ಗಂಗಕ್ಕ ಕೈ ಚಾಚಿದರು.

ನಾನು ಫೋನ್ ತೆಗೆಯುವ ಬದಲು ನಮ್ಮ ಬಾಟಲಿಯ ಮುಚ್ಚಳ ಹುಡುಕತೊಡಗಿದೆ.